ಬತ್ತಲೆ ಬೀಚಿಗೆ ಗಡಿಕಲ್ಲು ಬೇಕು

ಅಮೆರಿಕದ ಸಿಯಾಟಲ್ ನಗರಾಡಳಿತ ಡೆನ್ನಿ ಬ್ಲೇನ್ ಪಾರ್ಕಿನ ನಡುವೆ ನಾಲ್ಕಡಿ ಬೇಲಿ ಎಳೆದು, ಇತ್ತ ಬಟ್ಟೆ ಕಡ್ಡಾಯ, ಅತ್ತ ಅವರವರ ಇಷ್ಟ ಎಂದು ವಿಂಗಡಿಸಲು ಮುಂದಾದದ್ದು ಸರಿಯಾದ ಕ್ರಮ. 2025ರ ಆಗಸ್ಟ್‌ನಿಂದ ಈಚೆಗೆ ಈ ಬೇಲಿಯ ಬಗ್ಗೆ ಕೇಳಿಬಂದ ಬಹುಪಾಲು ಮಾತು ಒಂದೇ ಧಾಟಿಯದು: ದುಡ್ಡಿರುವ ನೆರೆಮನೆಯವರಿಗೆ ಆಡಳಿತ ಮಣಿಯಿತು, ಐವತ್ತು ವರ್ಷದ ಬತ್ತಲೆ ಬೀಚಿನ ಕಥೆ ಮುಗಿಯಿತು. ಮೊದಲ ಮಾತಿನಲ್ಲಿ ಅಷ್ಟಿಷ್ಟು ನಿಜವಿದೆ. ಎರಡನೆಯದು ಪೂರಾ ತಲೆಕೆಳಗು. ಆ ಪಾರ್ಕಿನಲ್ಲಿ ಬತ್ತಲೆ ಇರಬಹುದು ಎಂದು ಸರ್ಕಾರಿ ಕಾಗದದಲ್ಲಿ ಗೆರೆ ಕೊರೆದು ತೋರಿಸಿದ್ದು ಈ ಬೇಲಿಯ ಯೋಜನೆಯಲ್ಲೇ. ಅಲ್ಲಿಯವರೆಗೆ ಇದ್ದದ್ದು ರೂಢಿ ಮಾತ್ರ.

ರೂಢಿಯ ಬಲ ಎಷ್ಟೆಂಬುದು ಎರಡೇ ವರ್ಷಗಳಲ್ಲಿ ಗೊತ್ತಾಯಿತು. 2023ರಲ್ಲಿ ಹೆಸರು ಹೇಳಲೊಲ್ಲದ ದಾನಿಯೊಬ್ಬರ ಐದೂವರೆ ಲಕ್ಷ ಡಾಲರ್ ಹಣದಲ್ಲಿ ಅಲ್ಲಿ ಮಕ್ಕಳ ಆಟದ ಅಂಕಣ ಕಟ್ಟುವ ಪ್ರಸ್ತಾವ ಬಂತು. ಮಕ್ಕಳು ಬಂದರೆ ಬತ್ತಲೆಯವರು ತಾವಾಗಿಯೇ ಜಾಗ ಬಿಡುತ್ತಾರೆಂಬ ಲೆಕ್ಕ ಯಾರಿಗೂ ಅರ್ಥವಾಗದ್ದೇನಲ್ಲ. ಡಿಸೆಂಬರ್‌ನ ಸಭೆಗೆ ಜನ ಕಿಕ್ಕಿರಿದರು, ನಗರಾಡಳಿತ ಹಿಂದೆ ಸರಿಯಿತು. ಎಲ್ಲರೂ ಗೆದ್ದೆವೆಂದರು. ಗೆದ್ದದ್ದಾದರೂ ಏನು? ಆಟದ ಅಂಕಣ ಬರುವುದಿಲ್ಲ ಎಂಬುದನ್ನಷ್ಟೇ. ಬತ್ತಲೆ ಬೀಚು ಇರುತ್ತದೆ ಎಂದು ಯಾರೂ ಬರೆದುಕೊಡಲಿಲ್ಲ, ಬರೆದುಕೊಡಿ ಎಂದು ಒತ್ತಾಯಿಸಿ ಗೆದ್ದವರೂ ಇಲ್ಲ. 2025ರ ಏಪ್ರಿಲ್‌ನಲ್ಲಿ ನೆರೆಮನೆಯವರು ನ್ಯಾಯಾಲಯಕ್ಕೆ ಹೋದರು. ಜುಲೈನಲ್ಲಿ ಕಿಂಗ್ ಕೌಂಟಿಯ ನ್ಯಾಯಾಧೀಶರು, ಪಾರ್ಕು ಈಗಿರುವ ಸ್ಥಿತಿಯಲ್ಲಿ ಸಾರ್ವಜನಿಕ ಉಪದ್ರವ ಎಂದು ಹೇಳಿ, ಪರಿಹಾರದ ಯೋಜನೆಗೆ ಎರಡು ವಾರ ಗಡುವು ಕೊಟ್ಟರು.

ಇಲ್ಲಿ ಗಮನಿಸಬೇಕಾದದ್ದು, ವಾಷಿಂಗ್ಟನ್ ರಾಜ್ಯದಲ್ಲಿ ಸುಮ್ಮನೆ ಬತ್ತಲೆ ಇರುವುದು ಅಪರಾಧವೇ ಅಲ್ಲ. ನೋಡಿದವರಿಗೆ ಗಾಬರಿಯೋ ಮುಜುಗರವೋ ಆದೀತೆಂದು ತಿಳಿದೂ ಮೈ ತೋರಿಸಿದರೆ ಮಾತ್ರ ಅಪರಾಧ. ಇಷ್ಟು ಉದಾರ ಕಾನೂನಿರುವ ಊರಿನಲ್ಲೇ ಬೀಚಿಗೆ ಈ ಗತಿ ಬಂತು. ಅಂದಮೇಲೆ ಕಾನೂನಿನ ಉದಾರತೆಯೊಂದೇ ಸಾಲದು.

ಇದನ್ನೆಲ್ಲ ಅಮೆರಿಕದ ನ್ಯಾಚುರಿಸ್ಟರು, ಅಂದರೆ ಬಯಲಲ್ಲಿ ಬತ್ತಲೆ ಇರುವುದನ್ನು ಸಹಜವೆಂದು ನಂಬಿದವರು, 2009ರಲ್ಲೇ ಕಲಿಯಬೇಕಿತ್ತು. ಆ ವರ್ಷ ಅವರು ಸೋತ ಒಂದು ಮೊಕದ್ದಮೆಯನ್ನು ಈಗಿನ ಚರ್ಚೆಯಲ್ಲಿ ಯಾರೂ ಎತ್ತುತ್ತಿಲ್ಲ. ಸೋಲಿನ ಬೇರು 1979ರ ಒಂದು ಸುತ್ತೋಲೆಯಲ್ಲಿದೆ.

ಕ್ಯಾಲಿಫೋರ್ನಿಯಾದ ರಾಜ್ಯ ಉದ್ಯಾನ ಇಲಾಖೆಗೆ ಆಗ ರಸೆಲ್ ಕಾಹಿಲ್ ನಿರ್ದೇಶಕರು. ಕೆಲವು ಬೀಚುಗಳಲ್ಲಿ ಬಟ್ಟೆ ಕಡ್ಡಾಯವಲ್ಲ ಎಂದು ಘೋಷಿಸಬಹುದೇ ಎಂದು ರಾಜ್ಯದುದ್ದಕ್ಕೂ ಸಾರ್ವಜನಿಕ ಸಭೆಗಳು ನಡೆದವು. ಅವು ಮುಗಿದ ಮೇಲೆ ಕಾಹಿಲ್ ಸುತ್ತೋಲೆ ಹೊರಡಿಸಿದರು. ಅದರ ತಿರುಳು ಎರಡು ಮಾತು. ಒಂದು, ಅಂಥ ಯಾವ ಜಾಗವನ್ನೂ ಇಲಾಖೆ ಘೋಷಿಸುವುದಿಲ್ಲ. ಎರಡು, ಬತ್ತಲೆ ಬಿಸಿಲು ಕಾಯಿಸುವವರ ಮೇಲೆ ಸಾರ್ವಜನಿಕರು ಯಾರಾದರೂ ದೂರು ಕೊಟ್ಟರೆ ಮಾತ್ರ ಕ್ರಮ. ಆಗಲೂ ಮೊದಲು ಬಟ್ಟೆ ಹಾಕಿಕೊಳ್ಳಲು ಹೇಳಬೇಕು, ಕೇಳದಿದ್ದರೆ ಮಾತ್ರ ದಂಡದ ಚೀಟಿ. ಸಿಬ್ಬಂದಿಗೆ ಇದಕ್ಕಿಂತ ತುರ್ತಿನ ಕೆಲಸಗಳಿವೆ ಎಂಬುದು ಕಾರಣ.

ನ್ಯಾಚುರಿಸ್ಟ್ ವಲಯದಲ್ಲಿ 'ಕಾಹಿಲ್ ನೀತಿ' ಎಂದರೆ ಒಂದು ವಿಜಯಪತ್ರ. ಅವರು ಓದಿಕೊಂಡದ್ದು ಎರಡನೆಯ ಮಾತನ್ನು ಮಾತ್ರ. ಮೊದಲನೆಯದು ಸ್ಪಷ್ಟ ನಿರಾಕರಣೆ. ಕೇಳಿದ್ದನ್ನು ಕೊಡದೆ, ಕಣ್ಣು ಮುಚ್ಚಿಕೊಂಡಿರುತ್ತೇನೆ ಎಂದ ಅಧಿಕಾರಿಯನ್ನು ಉಪಕಾರಿ ಎಂದುಕೊಂಡು ಇಪ್ಪತ್ತೊಂಬತ್ತು ವರ್ಷ ಕಳೆದರು. ಸ್ಯಾನ್ ಒನೊಫ್ರೆ ಬೀಚಿನ ಟ್ರೇಲ್ 6ರ ಕೆಳಗಿನ ಮರಳು ಇಡೀ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಗೊತ್ತಿರುವ ಬತ್ತಲೆ ತೀರವಾಯಿತು.

2008ರಲ್ಲಿ ನಿರ್ದೇಶಕಿ ರುತ್ ಕೋಲ್ಮನ್, ಸ್ಯಾನ್ ಒನೊಫ್ರೆಯಲ್ಲಿ ಈ ರಿಯಾಯಿತಿ ಇನ್ನಿಲ್ಲ ಎಂದರು. ಅಲ್ಲಿ ಅಶ್ಲೀಲ ವರ್ತನೆ ಹೆಚ್ಚಿದೆ, ನಮ್ಮ ಸಿಬ್ಬಂದಿಗೇ ಕೆಲಸ ಮಾಡುವುದು ಕಷ್ಟವಾಗಿದೆ ಎಂಬುದು ಇಲಾಖೆಯ ವಾದ. ನ್ಯಾಚುರಿಸ್ಟ್ ಆ್ಯಕ್ಷನ್ ಕಮಿಟಿ ಮೊಕದ್ದಮೆ ಹೂಡಿತು. ಇಷ್ಟು ವರ್ಷ ನಡೆದುಬಂದ ನೀತಿಯನ್ನು ಸಾರ್ವಜನಿಕರ ಅಹವಾಲು ಕೇಳದೆ ಒಂದೇಟಿಗೆ ಬದಲಿಸಲಾಗದು ಎಂದು ವಾದಿಸಿ ಕೆಳ ನ್ಯಾಯಾಲಯದಲ್ಲಿ ಗೆದ್ದಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಬತ್ತಲೆ ನಿಷೇಧಿಸುವ ನಿಯಮ ಪುಸ್ತಕದಲ್ಲಿ ಇದ್ದೇ ಇದೆ, ಅದನ್ನು ಜಾರಿ ಮಾಡಲು ಇಲಾಖೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ ಎಂಬುದು ತೀರ್ಪಿನ ಸಾರ. ರಾಜ್ಯದ ಸುಪ್ರೀಂ ಕೋರ್ಟು ಮರುಪರಿಶೀಲನೆಗೆ ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಇದಕ್ಕೆ ಬಗರ್‌ಹುಕುಂ ಅನ್ನುತ್ತಾರೆ. ಅಪ್ಪನ ಕಾಲದಿಂದ ಉತ್ತು ಬಿತ್ತಿದ ನೆಲವೇ ಇರಬಹುದು, ತಹಶೀಲ್ದಾರರು ನೋಡಿಯೂ ನೋಡದಂತೆ ಇದ್ದಿರಬಹುದು, ಸಾಗುವಳಿ ಚೀಟಿ ಕೈಗೆ ಬರುವತನಕ ಅದು ಸರ್ಕಾರದ್ದು. ಹೊಸ ಸಾಹೇಬರು ಬಂದರೆ ಹೊಸ ಹುಕುಂ.

ಇಡೀ ಪ್ರಕರಣದ ಸ್ವಾರಸ್ಯ ಆ ನಿಷೇಧ ನಿಯಮದ ಒಕ್ಕಣೆಯಲ್ಲಿದೆ. ಉದ್ಯಾನಗಳ ನಿಯಮಾವಳಿಯ 4322ನೇ ಕಲಮು ಬತ್ತಲೆ ಇರಕೂಡದು ಎಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಇಲಾಖೆ ಅದಕ್ಕೆಂದೇ ಗೊತ್ತುಪಡಿಸಿದ ಜಾಗಗಳನ್ನು ಹೊರತುಪಡಿಸಿ ಎನ್ನುತ್ತದೆ. ಅಂದರೆ ಖಾಲಿ ಜಾಗವೊಂದನ್ನು ನಿಯಮವೇ ಬಿಟ್ಟಿದೆ. ತುಂಬಬೇಕಾದದ್ದು ಬೀಚಿನ ಹೆಸರು ಮಾತ್ರ. ಕಾಹಿಲ್ ತುಂಬಲಿಲ್ಲ. ಆಮೇಲಿನ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಸ್ಯಾನ್ ಒನೊಫ್ರೆಯ ಹೆಸರನ್ನು ಅಲ್ಲಿ ಬರೆಸಲು ಆಗಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ ಇಲಾಖೆಯನ್ನು ಎಬ್ಬಿಸುವುದು ಯಾರಿಗೆ ಬೇಕಿತ್ತು?

ಈಗ ದೇಶದ ಇನ್ನೊಂದು ತುದಿಗೆ ಬನ್ನಿ. ಫ್ಲಾರಿಡಾದ ಕಾನೂನು ಕ್ಯಾಲಿಫೋರ್ನಿಯಾಕ್ಕಿಂತ ಉದಾರವೇನಲ್ಲ. ಅಲ್ಲಿನ 800.03ನೇ ಕಲಮೂ ಸಾರ್ವಜನಿಕವಾಗಿ ಬತ್ತಲೆ ಇರುವುದನ್ನು ತಡೆಯುತ್ತದೆ, ಅದೂ ಅದಕ್ಕೆಂದು ಒದಗಿಸಿದ ಅಥವಾ ಮೀಸಲಿಟ್ಟ ಸ್ಥಳವನ್ನು ಹೊರತುಪಡಿಸುತ್ತದೆ. ಹೆಚ್ಚುಕಡಿಮೆ ಅದೇ ಒಕ್ಕಣೆ, ಅದೇ ಖಾಲಿ ಜಾಗ. ಮಯಾಮಿಯ ನ್ಯಾಚುರಿಸ್ಟರು ಅದನ್ನು ತುಂಬಿಸಿಕೊಂಡರು. ಹಾಲೋವರ್ ಪಾರ್ಕಿನ ಉತ್ತರ ತುದಿ 1991ರಿಂದ ಬಟ್ಟೆ ಕಡ್ಡಾಯವಲ್ಲದ ಬೀಚು. ಎಲ್ಲಿಂದ ಎಲ್ಲಿಗೆ ಎಂದು ಕೇಳಿದರೆ ಯಾರಾದರೂ ಹೇಳುತ್ತಾರೆ: ಲೈಫ್‌ಗಾರ್ಡ್ ಗೋಪುರ 12ರಿಂದ 16ರವರೆಗೆ. ಗಡಿಯಲ್ಲಿ ಬೋರ್ಡು ನೆಟ್ಟಿದೆ. ಇದನ್ನು ದಾಟಿದರೆ ಬತ್ತಲೆ ಇರುವವರು ಎದುರಾಗಬಹುದು, ಗಮನಿಸಿ ಎಂಬರ್ಥದ ಬರಹ. ಬೇಡವಾದವರು ಅಲ್ಲೇ ತಿರುಗಿ ಹೋಗುತ್ತಾರೆ. ಸುತ್ತ ಗಗನಚುಂಬಿ ಅಪಾರ್ಟ್‌ಮೆಂಟುಗಳಿರುವ, ಭೂಮಿಗೆ ಬಂಗಾರದ ಬೆಲೆಯಿರುವ ಮಯಾಮಿ-ಡೇಡ್ ಕೌಂಟಿಯಲ್ಲಿ ಆ ತುಂಡು ಮರಳು ಮೂರು ದಶಕ ದಾಟಿ ಉಳಿದಿದೆ. ಸ್ಯಾನ್ ಒನೊಫ್ರೆಯಂಥ ಬಂಡೆಯ ಮರೆಯ ತೀರ ಹೋಯಿತು, ಹೆದ್ದಾರಿಯ ಪಕ್ಕದ ಹಾಲೋವರ್ ಉಳಿಯಿತು. ಇವೆರಡನ್ನು ಒಟ್ಟಿಗೆ ಇಟ್ಟು ನೋಡದೆ ಸಿಯಾಟಲ್ ಬಗ್ಗೆ ಬರೆಯುವವರ ಮೇಲೆ ನನಗೆ ತಾಳ್ಮೆ ಇಲ್ಲ.

ಗಡಿ ಇದ್ದರೆ ಅಶ್ಲೀಲ ವರ್ತನೆಗೆ ಕಡಿವಾಣ ಹಾಕುವುದೂ ಸುಲಭ. 2008ರ ಸ್ಯಾನ್ ಒನೊಫ್ರೆಯಲ್ಲೂ 2025ರ ಸಿಯಾಟಲ್‌ನಲ್ಲೂ ಹೊಡೆತ ಕೊಟ್ಟ ಆರೋಪ ಬತ್ತಲೆಯದಲ್ಲ, ಪೊದೆಯ ಮರೆಯ ಕಾಮಚೇಷ್ಟೆಯದು. ನ್ಯಾಚುರಿಸ್ಟರು ಇವೆರಡನ್ನು ಒಂದೇ ಎನ್ನಬೇಡಿ ಎಂದು ಕೂಗಿ ಕೂಗಿ ಸುಸ್ತಾಗಿದ್ದಾರೆ. ಅವರ ಮಾತು ನಿಜ. ಟವೆಲ್ ಹಾಸಿಯೇ ಕೂರಬೇಕು, ಒಪ್ಪಿಗೆಯಿಲ್ಲದೆ ಫೋಟೊ ತೆಗೆಯಬಾರದು, ದಿಟ್ಟಿಸಬಾರದು ಎಂಬ ಅವರ ಶಿಷ್ಟಾಚಾರ ಬಟ್ಟೆ ತೊಟ್ಟವರ ಬೀಚುಗಳಲ್ಲಿ ಕಾಣದಷ್ಟು ಕಟ್ಟುನಿಟ್ಟು. ಆದರೆ ಹೇಳಲು ಬಾಯಿದ್ದರೆ ಸಾಲದು, ನಿಂತು ಹೇಳಲು ನೆಲ ಬೇಕು. ಹಾಲೋವರ್‌ನಲ್ಲಿ ಸ್ವಯಂಸೇವಕರು ಹೊಸಬರಿಗೆ ರೀತಿನೀತಿ ತಿಳಿಸುತ್ತಾರೆ, ಅತಿರೇಕ ಕಂಡರೆ ಲೈಫ್‌ಗಾರ್ಡನ್ನೋ ಪೊಲೀಸರನ್ನೋ ಕರೆಯುತ್ತಾರೆ. ಕರೆದರೆ ತಮ್ಮ ಬೀಚಿಗೇ ಕುತ್ತು ಬಂದೀತೆಂಬ ಹೆದರಿಕೆ ಅವರಿಗಿಲ್ಲ. ಕಾಹಿಲ್ ನೀತಿಯ ಕೆಳಗೆ ಬದುಕಿದವರ ಸ್ಥಿತಿ ನೋಡಿ: ಅಲ್ಲಿ ದೂರು ಎಂಬುದೇ ಜಾರಿಯ ಕೀಲಿಕೈ. ಹಾಗಿರುವಾಗ ಕಣ್ಣೆದುರಿನ ಅಸಭ್ಯತೆಯ ಬಗ್ಗೆ ದೂರು ಕೊಡಲು ಯಾರು ಮುಂದೆ ಬಂದಾರು? ಕಾವಲಿಗೆ ನಿಲ್ಲಬೇಕಾದವರ ಬಾಯನ್ನೇ ಆ ಸುತ್ತೋಲೆ ಮುಚ್ಚಿಸಿತು.

ಘೋಷಿತ ಬೀಚುಗಳೂ ಹೋಗಿವೆಯಲ್ಲ ಎಂಬ ಆಕ್ಷೇಪ ಇದೆ, ಹಗುರವಾದದ್ದಲ್ಲ. ಆಸ್ಟ್ರೇಲಿಯಾದ ಬೈರನ್ ಬೇ ಸಮೀಪದ ಟ್ಯಾಗರಾ ಬೀಚು 1998ರಿಂದ ಅಧಿಕೃತ ಬತ್ತಲೆ ತೀರವಾಗಿತ್ತು. 2024ರಲ್ಲಿ ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನ ಇಲಾಖೆ ಅದನ್ನು ರದ್ದು ಮಾಡಿತು. ಆದರೆ ಘೋಷಿಸಿದ್ದು ಸ್ಥಳೀಯ ಕೌನ್ಸಿಲ್, ನೆಲ ನಿಸರ್ಗಧಾಮದ್ದು. ಕಂದಾಯ ಇಲಾಖೆಯ ಚೀಟಿ ಹಿಡಿದವರನ್ನು ಅರಣ್ಯ ಇಲಾಖೆ ಎಬ್ಬಿಸುವುದನ್ನು ಮಲೆನಾಡಿನವರಿಗೆ ಹೊಸದಾಗಿ ವಿವರಿಸಬೇಕಿಲ್ಲ. ಅಲ್ಲಿ ಕಾಗದ ಸೋಲಲಿಲ್ಲ. ಕಾಗದ ತಪ್ಪು ಕಚೇರಿಯಿಂದ ಬಂದಿತ್ತು. ಅದಿದ್ದುದರಿಂದಲೇ ರದ್ದತಿಯೂ ಎಲ್ಲರ ಕಣ್ಣೆದುರೇ ಆಗಬೇಕಾಯಿತು, ಸಾವಿರಾರು ಜನ ಸಹಿ ಹಾಕಿ ಪ್ರತಿಭಟಿಸಲು ಒಂದು ಆದೇಶವಾದರೂ ಸಿಕ್ಕಿತು.

ಬೇಲಿ ಅವಮಾನ ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. ಡೆನ್ನಿ ಬ್ಲೇನ್ ದಶಕಗಳಿಂದ ಸಲಿಂಗಿಗಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ನಿರುಮ್ಮಳವಾಗಿ ಬಂದು ಕೂರುವ ಜಾಗ. ಪೊಲೀಸರೆಂದರೆ ಏನೆಂದು ಅವರ ಹಿರಿಯ ತಲೆಮಾರಿಗೆ ಗೊತ್ತು. ತಂತಿಬೇಲಿ ನೋಡಲೂ ವಿಕಾರ. ಹಾಗಿದ್ದರೆ ಬೇಲಿಯ ಬದಲು ಬೋರ್ಡು ಕೇಳಲಿ, ಗಿಡದ ಸಾಲು ಕೇಳಲಿ. ಗೆರೆಯೇ ಬೇಡ ಎಂದರೆ ಮುಂದಿನ ಮೇಯರ್, ಮುಂದಿನ ನ್ಯಾಯಾಧೀಶ, ಮುಂದಿನ ದಾನಿಯ ಮರ್ಜಿಗೆ ಬಿಟ್ಟಂತೆ.

ಬೀಚನ್ನು ಪ್ರೀತಿಯಿಂದ ನೋಡಿಕೊಳ್ಳುತ್ತೇವಲ್ಲ, ಅದೇ ರಕ್ಷಣೆ ಎಂಬ ನಂಬಿಕೆಯೂ ಈ ಸಮುದಾಯದಲ್ಲಿ ಆಳವಾಗಿದೆ. ಕಸ ಹೆಕ್ಕುವುದು, ಮರಳದಿಬ್ಬ ತುಳಿಯದಂತೆ ನೋಡಿಕೊಳ್ಳುವುದು ಒಳ್ಳೆಯ ಕೆಲಸವೇ. ಆದರೆ ವ್ಯಾಂಕೂವರ್‌ನ ರೆಕ್ ಬೀಚಿನವರು ಅಷ್ಟಕ್ಕೇ ನಿಲ್ಲಲಿಲ್ಲ. 1970ರ ದಶಕದಲ್ಲಿ ಕಟ್ಟಿಕೊಂಡ ಸಂರಕ್ಷಣಾ ಸಂಘ ಬಂಡೆಯ ಬುಡದ ಕಾಮಗಾರಿಗಳ ವಿರುದ್ಧ ಹೋರಾಡಿತು, ಪಕ್ಕದ ವಿಶ್ವವಿದ್ಯಾಲಯ ಎತ್ತರದ ಕಟ್ಟಡ ಕಟ್ಟಹೊರಟಾಗ ಅದು ಬೀಚಿನಿಂದ ಕಾಣುತ್ತದೆಂದು ತಕರಾರು ಎತ್ತಿತು. ಸಭೆ, ನಕ್ಷೆ, ಕಡತ. ಬೇಸರದ ಕೆಲಸ, ಬೀಚು ಉಳಿಸುವ ಕೆಲಸ.

ನಮ್ಮಲ್ಲಿ ಈ ವಿಷಯ ಬಂದ ಕೂಡಲೇ ಗೊಮ್ಮಟನನ್ನೂ ಅಕ್ಕಮಹಾದೇವಿಯನ್ನೂ ಎಳೆದು ತರುವವರಿದ್ದಾರೆ. ದಯವಿಟ್ಟು ಬಿಡಿ. ವೈರಾಗ್ಯಕ್ಕೂ ಭಾನುವಾರದ ಬಿಸಿಲಿಗೂ ಸಂಬಂಧವಿಲ್ಲ. ಹಾಗೆಯೇ ಗೋಕರ್ಣ, ಗೋವಾಗಳನ್ನೂ ಈ ಪಟ್ಟಿಗೆ ಸೇರಿಸಬೇಡಿ. ಅಶ್ಲೀಲ ವರ್ತನೆಯ ಬಗ್ಗೆ ಮೊದಲು ದಂಡ ಸಂಹಿತೆಯ 294, ಈಗ ನ್ಯಾಯ ಸಂಹಿತೆಯ 296 ಹೇಳುವಲ್ಲಿ ಮೀಸಲಿಟ್ಟ ಸ್ಥಳ ಎಂಬ ಮಾತೇ ಇಲ್ಲ. ತುಂಬಲು ಖಾಲಿ ಜಾಗವೇ ಇಲ್ಲ. 2020ರಲ್ಲಿ ನಟ ಮಿಲಿಂದ್ ಸೋಮನ್ ಗೋವಾದ ಬೀಚಿನಲ್ಲಿ ಬತ್ತಲೆ ಓಡಿದ ಚಿತ್ರಕ್ಕೆ ಎಫ್‌ಐಆರ್ ಬಿತ್ತು. ಎಪ್ಪತ್ತರ ದಶಕದ ಅಂಜುನಾದಲ್ಲಿ ಹಿಪ್ಪಿಗಳು ಹಾಗೆಯೇ ಓಡಾಡಿಕೊಂಡಿದ್ದರು. ಅವರ ಬೀಚನ್ನು ಮುಚ್ಚಿದ ಆದೇಶ ಹುಡುಕಿದರೆ ಏನು ಸಿಕ್ಕೀತು? ತೆರೆದ ಆದೇಶವೇ ಇರಲಿಲ್ಲವಲ್ಲ.

ಸಿಯಾಟಲ್‌ನವರು ನೋಡಬೇಕಾದದ್ದು ಟೊರಾಂಟೊದ ದ್ವೀಪದಲ್ಲಿರುವ ಹ್ಯಾನ್ಲನ್ಸ್ ಪಾಯಿಂಟ್ ಬೀಚಿನ ಕಡೆಗೆ. 1999ರಲ್ಲಿ ಅಲ್ಲಿನ ನಗರ ಕೌನ್ಸಿಲ್ ಪ್ರಯೋಗವೆಂದು ಗೆರೆ ಎಳೆಯಿತು, 2002ರಲ್ಲಿ ಕಾಯಂ ಮಾಡಿತು. 2017 ಮತ್ತು 2019ರಲ್ಲಿ ಆಂಟೇರಿಯೊ ಸರೋವರ ಉಕ್ಕಿ ದ್ವೀಪದ ತೀರ ಮುಳುಗಿತು, ಕೊಚ್ಚಿಹೋಯಿತು. ಗೆರೆ ಕಡತದಲ್ಲಿ ಉಳಿಯಿತು. 2023ರಲ್ಲಿ ಪಕ್ಕದಲ್ಲೇ ಉತ್ಸವಗಳ ಮೈದಾನ ಮಾಡುವ ಆಲೋಚನೆ ಬಂದಾಗ ಬೀಚಿನ ಗೆಳೆಯರು ಆ ಗೆರೆ ತೋರಿಸಿಯೇ ಎದುರು ನಿಂತರು. ಮೈದಾನದ ಆಲೋಚನೆ ಕೈಬಿಟ್ಟುಹೋಯಿತು. ಅದೇ ವರ್ಷ ಕೌನ್ಸಿಲ್ ಬತ್ತಲೆ ತೀರದ ಗಡಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿತು. ಸಿಯಾಟಲ್‌ನ ನ್ಯಾಚುರಿಸ್ಟರು ಬೇಲಿ ಕಿತ್ತುಹಾಕಿ ಎಂಬ ಮನವಿಗೆ ಸಹಿ ಸಂಗ್ರಹಿಸುವ ಬದಲು ತಮ್ಮ ಕೌನ್ಸಿಲ್ ಮುಂದೆ ಒಂದು ಪುಟದ ಕರಡು ಇಡಲಿ: ಯಾವ ಮೆಟ್ಟಿಲಿನಿಂದ ಯಾವ ಮರದವರೆಗೆ, ನೋಡಿಕೊಳ್ಳುವ ಹೊಣೆ ಯಾವ ಇಲಾಖೆಯದು, ಬದಲಿಸಬೇಕಾದರೆ ಯಾರ ಅಹವಾಲು ಕೇಳಬೇಕು. ಸ್ಯಾನ್ ಒನೊಫ್ರೆಯವರು ನ್ಯಾಯಾಲಯದಲ್ಲಿ ಕೇಳಿ ಸೋತದ್ದು ಈ ಮೂರನೆಯದನ್ನೇ.