ಇಪ್ಪತ್ತು ಮೀಟರ್ ತಂತಿಯ ಪಾಠ
ಸಂದರ್ಶನದಲ್ಲಿ ಕೇಳಿದ ಪ್ರಶ್ನೆ ಸರಳವಾಗಿತ್ತು: ‘7.1 ಮೆಗಾಹರ್ಟ್ಸ್‌ಗೆ ಡೈಪೋಲ್ ಆಂಟೆನಾ ಮಾಡಲು ಎಷ್ಟು ಉದ್ದದ ತಂತಿ ಬೇಕು?’ ಆ ವಿಷಯದಲ್ಲಿ ಒಳ್ಳೆಯ ಅಂಕ ತೆಗೆದಿದ್ದ ನಾನು ತಬ್ಬಿಬ್ಬಾದೆ. ನಮ್ಮ ತಂಡದ ಅಂತಿಮ ವರ್ಷದ ಪ್ರಾಜೆಕ್ಟ್ ಕೂಡ ದುಡ್ಡು ಕೊಟ್ಟು ತಂದದ್ದೇ.

ಆ ಅವಮಾನವೇ ನನ್ನ ಕೈಗೆ ತಂತಿ ಕೊಟ್ಟಿತು. ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲ್‌ನ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್. ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಮನೆಯ ವೈರಿಂಗ್‌ನಲ್ಲಿ ಉಳಿದಿದ್ದ ತಾಮ್ರದ ವೈರನ್ನೇ ಬಳಸಿದೆ. ಪಿವಿಸಿ ಪೈಪಿನ ತುಂಡುಗಳೇ ಇನ್ಸುಲೇಟರ್. ನಡುವೆ ಕೋಆಕ್ಸಿಯಲ್ ಕೇಬಲ್: ಒಳತಂತಿ ಒಂದು ಬದಿಗೆ, ಹೊರಗಿನ ಹೆಣಿಗೆ ಇನ್ನೊಂದು ಬದಿಗೆ. ಕತ್ತರಿಸಿದ ಮೇಲೆ ಉದ್ದ ಮಾಡಲಾಗದೆಂದು ಪ್ರತಿ ಬದಿ 35 ಸೆಂ.ಮೀ. ಹೆಚ್ಚು ಬಿಟ್ಟೆ. ತಾರಸಿಯ ಮೇಲೆ ಬಿದಿರಿನ ಗಳ ನಿಲ್ಲಿಸಿ, ನಡುಭಾಗವನ್ನು ಅದರ ತುದಿಗೆ ಕಟ್ಟಿದೆ. ಎರಡು ಕೊನೆಗಳನ್ನು ನೈಲಾನ್ ಹಗ್ಗದಿಂದ ಹಿತ್ತಲಿನ ತೆಂಗಿನ ಮರಗಳಿಗೆ ಇಳಿಜಾರಾಗಿ ಎಳೆದೆ. ವಿದ್ಯುತ್ ತಂತಿ ಹಾದುಹೋಗುವ ಕಡೆ ಮಾತ್ರ ಸುಳಿಯಲಿಲ್ಲ. ತಾಗಿದರೆ ಜೀವಕ್ಕೇ ಕುತ್ತು.

ಹ್ಯಾಮ್ ರೇಡಿಯೊ ಪರವಾನಗಿ ಇರುವ ಹಿರಿಯರೊಬ್ಬರು ಮಾಪಕ ಜೋಡಿಸಿ ನೋಡಿದರೆ ಆಂಟೆನಾ 6.9ಕ್ಕೆ ಹೊಂದಿತ್ತು. ಅಂದರೆ ತಂತಿ ಉದ್ದವಾಗಿದೆ. ಇಳಿಸಿ, ಎರಡೂ ಕಡೆ ಸಮನಾಗಿ ಸ್ವಲ್ಪ ಕತ್ತರಿಸಿ, ಮತ್ತೆ ಏರಿಸಿದೆ. ನಾಲ್ಕನೇ ಸಲ 7.1ಕ್ಕೆ ಬಂತು. ಅಷ್ಟರಲ್ಲಿ ಒಟ್ಟು ಅರ್ಧ ಮೀಟರ್‌ಗೂ ಹೆಚ್ಚು ತಂತಿ ಕತ್ತರಿಸಿಯಾಗಿತ್ತು. ಅವರ ರೇಡಿಯೊಗೆ ಜೋಡಿಸಿದಾಗ ಗೊರಗೊರ ಸದ್ದಿನ ನಡುವೆ ಯಾರೋ ತಮ್ಮೂರಿನ ಮಳೆಯ ಬಗ್ಗೆ ಮಾತಾಡುತ್ತಿದ್ದರು. ಮೊಬೈಲ್ ಟವರ್, ಇಂಟರ್ನೆಟ್ ಯಾವುದೂ ಇಲ್ಲದೆ, ಅಯಾನುಗೋಳಕ್ಕೆ ತಾಗಿ ಮರಳಿದ ದನಿ ಅದು.

ಪ್ರಾಜೆಕ್ಟ್ ಕೊಳ್ಳುವ ಗೆಳೆಯರು ‘ಸಮಯವಿಲ್ಲ, ಲ್ಯಾಬ್‌ನಲ್ಲಿ ಸೌಲಭ್ಯವಿಲ್ಲ’ ಎನ್ನುತ್ತಾರೆ. ನಾನೂ ಹಾಗೇ ಅಂದವನು. ಆದರೆ ಈ ಕೆಲಸಕ್ಕೆ ಹಿಡಿದದ್ದು ಎರಡು ಭಾನುವಾರ. ಖರ್ಚು ನಾನು ಪ್ರಾಜೆಕ್ಟಿಗೆ ಕೊಟ್ಟ ಪಾಲಿಗಿಂತ ತೀರಾ ಕಡಿಮೆ. ಕೊಂಡ ಪ್ರಾಜೆಕ್ಟ್ ಸಿದ್ಧವಾಗಿಯೇ ಬರುತ್ತದೆ. ಅದು ಯಾಕೆ ಕೆಲಸ ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಅಂಕಪಟ್ಟಿ ಸಂದರ್ಶನದ ಬಾಗಿಲವರೆಗೆ ಕರೆದೊಯ್ಯಬಹುದು, ಒಳಗೆ ಮಾತಾಡಬೇಕಾದವರು ನಾವೇ.

ಪ್ರಸಾರ ಮಾಡಲು ಕೇಂದ್ರ ಸರ್ಕಾರದ ಪರವಾನಗಿ ಬೇಕು. ಅದರ ಪರೀಕ್ಷೆಗೆ ಓದುತ್ತಿದ್ದೇನೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಅದೇ ಪ್ರಶ್ನೆ ಮತ್ತೆ ಎದುರಾದರೆ ‘ಇಪ್ಪತ್ತು ಮೀಟರ್’ ಎಂದು ಹೇಳಿ ಸುಮ್ಮನಾಗುವುದಿಲ್ಲ. ಮೊದಲು ಎಷ್ಟು ಹೆಚ್ಚು ಬಿಡಬೇಕು, ಆಮೇಲೆ ಎಷ್ಟು ಕತ್ತರಿಸಬೇಕು ಎಂಬುದನ್ನೂ ಹೇಳುತ್ತೇನೆ.