ಮಗುವಿನ ಮಿದುಳಿಗೆ ಕಾವಲು

ಮಗು ಮಾತು ಕಲಿಯುವುದು ತಡವಾದರೆ, ಶಾಲೆಯಲ್ಲಿ ಅಕ್ಷರ ತಲೆಗೆ ಹತ್ತದಿದ್ದರೆ ನಮ್ಮ ಮನೆಗಳಲ್ಲಿ ಮೊದಲ ಮಾತು ಬೀಳುವುದು ತಾಯಿಯ ಮೇಲೆ. "ಹೊಟ್ಟೆಯಲ್ಲಿರುವಾಗ ಏನು ತಿಂದಳೋ, ಹೇಗೆ ಸಾಕಿದಳೋ" ಎಂದು ಚುಚ್ಚುತ್ತಾರೆ. ಆದರೆ ಕೆಲವೊಮ್ಮೆ ಕಾರಣವಿರುವುದು ಆಕೆ ಕುಡಿದ ನೀರಿನಲ್ಲಿ, ಉಸಿರಾಡಿದ ಗಾಳಿಯಲ್ಲಿ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯ ಮಕ್ಕಳ ಸಂಕಟವನ್ನು ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಪರೀಕ್ಷಿಸಿದಾಗ ಅಲ್ಲಿನ ಮಕ್ಕಳಲ್ಲಿ ಕಲಿಕೆಯ ತೊಂದರೆ ಹೆಚ್ಚಾಗಿ ಕಂಡಿತು. ಕರ್ನಾಟಕದಲ್ಲಿ ಕೊಕ್ಕಡದಿಂದ ಹಿಡಿದು ನಮ್ಮ ಕುಂದಾಪುರ, ಬೈಂದೂರು ಕಡೆಯವರೆಗೆ ಸಂತ್ರಸ್ತ ಕುಟುಂಬಗಳಿವೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು.

ದೊಡ್ಡವರಿಗಿಂತ ಮಕ್ಕಳಿಗೇ ಹೆಚ್ಚು ಹಾನಿ ಏಕೆ? ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ಎರಡು-ಮೂರು ವರ್ಷಗಳಲ್ಲಿ ಮಿದುಳು ಬಹಳ ವೇಗವಾಗಿ ಬೆಳೆಯುತ್ತದೆ. ನರಕೋಶಗಳು ಹುಟ್ಟಿ, ತಮ್ಮ ತಮ್ಮ ಜಾಗ ಸೇರಿ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಕಾಲವದು. ವಿಷ ಒಳಬರದಂತೆ ತಡೆಯುವ ಮಿದುಳಿನ ಗೋಡೆ ಆಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಪಾಯ ಹಾಕುವಾಗ ಆದ ತಪ್ಪನ್ನು ಮಾಡು ಕಟ್ಟಿದ ಮೇಲೆ ಸರಿಪಡಿಸುವುದು ಕಷ್ಟ.

ತೋಟದ ವಿಷ ನಿಂತಿತು. ಮನೆಯೊಳಗಿನ ವಿಷದ ಮಾತೇನು? ಅದರಲ್ಲಿ ಮುಖ್ಯವಾದುದು ಸೀಸ. ತಾಯಿಯ ರಕ್ತದ ಸೀಸ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಎಳೆಯ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸಹೋದರಿಯರೇ, ಈ ಕೆಲವನ್ನು ನೆನಪಿಡಿ:

* ಇಸ್ಮಿದ್ ಎಂದು ಅಂಗಡಿಯಲ್ಲಿ ಸಿಗುವ ಸುರ್ಮಾ ಅನೇಕ ಬಾರಿ ಸೀಸದ ಪುಡಿಯೇ ಆಗಿರುತ್ತದೆ. ಹಸುಗೂಸಿನ ಕಣ್ಣಿಗೆ ಅದನ್ನು ಹಚ್ಚಬೇಡಿ. ಮಗು ಕಣ್ಣುಜ್ಜಿ ಬೆರಳು ಚೀಪುತ್ತದೆ.

* ಹಬ್ಬಕ್ಕೆ ಮುನ್ನ ಹಳೆಯ ಬಾಗಿಲು, ಕಿಟಕಿಗಳ ಬಣ್ಣ ಕೆರೆಯುವಾಗ ಗರ್ಭಿಣಿಯರೂ ಮಕ್ಕಳೂ ಅಲ್ಲಿರಬಾರದು. ಬಣ್ಣದಲ್ಲಿ ಸೀಸದ ಮಿತಿ ಕಡ್ಡಾಯವಾದದ್ದು 2017ರಲ್ಲಿ. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

* ಕೀಟನಾಶಕದ ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಸಬೇಡಿ.

* ಕಬ್ಬಿಣಾಂಶ, ಸುಣ್ಣದಂಶ ಕಡಿಮೆಯಾದ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಬಸುರಿಗೆ ಸೊಪ್ಪು, ಹಾಲು, ಮೀನು ಕೊಡಿ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ.

* ಇದನ್ನೆಲ್ಲ ಓದಿ ಹೆದರಿ ಎದೆಹಾಲು ನಿಲ್ಲಿಸಬೇಡಿ. ಮಗುವಿಗೆ ಅದಕ್ಕಿಂತ ಒಳ್ಳೆಯ ಆಹಾರವಿಲ್ಲ.

ಮಗುವಿನ ಬೆಳವಣಿಗೆ ನಿಧಾನವೆನಿಸಿದರೆ "ದೊಡ್ಡವನಾದ ಮೇಲೆ ಸರಿಯಾಗುತ್ತಾನೆ" ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ರಕ್ತದಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸಬೇಕೇ, ಕೇಳಿ. ಬೇಗ ಗುರುತಿಸಿ ತರಬೇತಿ ಕೊಡಿಸಿದಷ್ಟೂ ಮಗುವಿಗೆ ಲಾಭ. ಅತ್ತೆ, ನಾದಿನಿಯರಿಗೆ ಒಂದು ಮಾತು: ಆ ತಾಯಿಯನ್ನು ದೂರುವ ಬದಲು ಅವಳ ಜೊತೆ ಆಸ್ಪತ್ರೆಗೆ ಹೋಗಿ ಬನ್ನಿ.