ಸೇವೆಯೂ ಸುದ್ದಿಯೂ

ಬಲಗೈ ಕೊಟ್ಟದ್ದನ್ನು ಎಡಗೈ ಅರಿಯಬಾರದೆಂದು ಹಿರಿಯರು ಹೇಳುತ್ತಿದ್ದರು. ಇಂದಿನ ಸೇವಾಸಂಸ್ಥೆಗಳು ಈ ಮಾತಿನಂತೆ ನಡೆಯಹೊರಟರೆ ಮರುತಿಂಗಳೇ ಬಾಗಿಲು ಮುಚ್ಚಬೇಕಾದೀತು. ಕೊಡುವವರು ಮುಂಬಯಿಯಲ್ಲಿಯೋ ಲಂಡನ್ನಿನಲ್ಲಿಯೋ ಇರುವರು. ಪಡೆಯುವವರು ರಾಯಚೂರಿನ ಕಡೆಯ ಹಳ್ಳಿಯಲ್ಲಿರುವರು. ನಡುವೆ ಸುದ್ದಿ ಒಯ್ಯುವವರೊಬ್ಬರು ಬೇಕು. ಅದಕ್ಕೆಂದೇ ಈಗ ‘ಸಂವಹನಾಧಿಕಾರಿ’ ಎಂಬ ಹುದ್ದೆಯುಂಟು. ಮಾರ್ಚ್ ತಿಂಗಳಲ್ಲಿ, ತೆರಿಗೆಯ ಲೆಕ್ಕ ಮುಗಿಯುವ ಹೊತ್ತಿಗೆ, ವಾಚಕರ ಮನೆಗೆ ಬರುವ ವಿನಂತಿಪತ್ರಗಳು ಇವರ ಕೈಬರಹವೇ.

ಪ್ರಚಾರವೇ ಸಲ್ಲದೆಂಬುದು ನನ್ನ ವಾದವಲ್ಲ. 1932ರಲ್ಲಿ ಹರಿಜನ ಸೇವಕ ಸಂಘ ಹುಟ್ಟಿತು. ಮರುವರ್ಷವೇ ಗಾಂಧೀಜಿ ‘ಹರಿಜನ್’ ವಾರಪತ್ರಿಕೆಯನ್ನು ಹೊರಡಿಸಿದರು. ಹಿಂದಿಯಲ್ಲಿಯೂ ಗುಜರಾತಿಯಲ್ಲಿಯೂ ಅದಕ್ಕೆ ಸೋದರಪತ್ರಿಕೆಗಳು ಬಂದವು. ನಿಧಿಗಾಗಿ ದೇಶ ಸುತ್ತುವಾಗ ತಮಗಿತ್ತ ಕಾಣಿಕೆಗಳನ್ನು ಅವರು ಸಭೆಯಲ್ಲಿಯೇ ಹರಾಜು ಹಾಕುತ್ತಿದ್ದರು. ಸುದ್ದಿ ಮಾಡುವುದರಲ್ಲಿ ಅವರನ್ನು ಮೀರಿಸಿದವರುಂಟೆ?

ಇಂದಿನ ತೊಡಕು ಬೇರೆ. ವಿದೇಶೀ ದೇಣಿಗೆಯ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾಗಿ, ಆಡಳಿತ ವೆಚ್ಚದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಅಂಚೆ, ದೂರವಾಣಿ, ಮುದ್ರಣ, ವರದಿ ಬರೆಯುವ ಖರ್ಚು, ಇವೆಲ್ಲ ನಿಯಮಗಳ ಪ್ರಕಾರ ಬಹುಮಟ್ಟಿಗೆ ಆ ಲೆಕ್ಕಕ್ಕೇ ಸೇರುತ್ತವೆ. ಹಣ ಸೋರಬಾರದೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಇಂಗ್ಲಿಷ್ ವರದಿಗೇ ಹಣ ಸಾಲದಾದಾಗ ಕನ್ನಡದ ಪ್ರತಿಯನ್ನು ಕೇಳುವವರಾರು? ಯಾರ ಬದುಕು ಅಚ್ಚಾಗಿದೆಯೋ ಅವರಿಗೇ ಅದು ಓದಲು ಬಾರದು.

ಕನ್ನಡವಿದ್ದರೂ ಎಂಥ ಕನ್ನಡ! ‘ಫಲಾನುಭವಿ’ ಎಂಬ ಶಬ್ದವನ್ನೇ ನೋಡಿ. ನಾಲ್ಕು ಬಾರಿ ಕಚೇರಿಗೆ ಅಲೆದು, ಎರಡು ದಿನದ ಕೂಲಿ ಕಳೆದುಕೊಂಡು, ಒಂದು ಹೊಲಿಗೆ ಯಂತ್ರ ಪಡೆದ ಹೆಂಗಸು ಫಲಾನುಭವಿ. ಆಕೆಯ ಹೆಸರು ಹೇಳಿದ್ದರೆ ಸಾಕಾಗಿತ್ತು.

ನಮ್ಮ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ಇಂಥ ಹುದ್ದೆಯಲ್ಲಿದ್ದಾಳೆ. ಚಿತ್ರ ತೆಗೆಯಲು ಹೋದಾಗ ಅಂಥ ಒಬ್ಬಾಕೆ, “ತಡೀರಿ ಅವ್ವಾ, ಬ್ಯಾರೆ ಸೀರಿ ಉಟ್ಟು ಬರ್ತೀನಿ” ಎಂದಳಂತೆ. ಜೊತೆಗಿದ್ದ ಮೇಲಧಿಕಾರಿಗೆ ಹರಿದ ಸೀರೆಯ ಚಿತ್ರವೇ ಬೇಕಾಗಿತ್ತು. ದಾನಿಯ ಮನಸ್ಸು ಕರಗಬೇಕಲ್ಲ! ವಿಪತ್ತಿಗೊಳಗಾದವರನ್ನು ಪ್ರಚಾರದಲ್ಲಿ ಮಾನವುಳ್ಳ ಮನುಷ್ಯರಾಗಿಯೇ ಕಾಣಿಸಬೇಕೆಂದು ರೆಡ್‌ಕ್ರಾಸ್ ಮೊದಲಾದ ಸಂಸ್ಥೆಗಳು 1994ರಲ್ಲಿಯೇ ನೀತಿಸಂಹಿತೆಯೊಂದನ್ನು ಒಪ್ಪಿವೆ. ಆ ಹತ್ತನೆಯ ಸೂತ್ರ ರಾಯಚೂರಿನ ಬಿಸಿಲಿಗೆ ತಲುಪಿರಲಿಲ್ಲ.

ಹುಡುಗಿ ಎರಡು ಚಿತ್ರ ತೆಗೆದಳು. ಹರಿದ ಸೀರೆಯದು ವರದಿಯ ಮುಖಪುಟಕ್ಕೆ ಹೋಯಿತು. ಹಸಿರು ಸೀರೆಯದಕ್ಕೆ ತನ್ನ ಹಣದಿಂದಲೇ ಕಟ್ಟು ಹಾಕಿಸಿ ಆಕೆಯ ಮನೆಗೆ ಕಳುಹಿಸಿದಳು. ಅದೀಗ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿದೆ.